ಸತ್ತ ಮೇಲೂ ನಾಲ್ಕು ತೋರಿಸಿದ ಪೆಟ್ಟಿಗೆ

ಜುಲೈ ಹನ್ನೆರಡು, ಎರಡನೇ ಶನಿವಾರ. ಬೆಳಗಿನಿಂದ ಮೋಡ, ಗಾಳಿ. ಮಳೆ ಇಲ್ಲ.

ಯಂತ್ರಗಳ ನಡುವೆ ಕೆಲಸ ಮಾಡುವವರಿಗೆ ಇಂಥ ವಿಚಿತ್ರಗಳು ಆಗುತ್ತಲೇ ಇರುತ್ತವೆ. ಹೆಚ್ಚಿನವನ್ನು ನಾವು ಮನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ಕೇಳಿದವರು ಮೊದಲು ನಮ್ಮ ಆರೋಗ್ಯ ವಿಚಾರಿಸುತ್ತಾರೆ. ಇವತ್ತು ರಜೆ. ಕೌದಿ ಹೊಲಿಯುತ್ತಾ ಕೂತಿದ್ದ ಹೆಂಡತಿ ತಲೆ ಎತ್ತದೆ ಕೇಳಿದಳು:

"ಊಟಕ್ಕ ಕೂತಾಗ ಒಬ್ಬರಽ ನಗ್ತೀರಿ. ಆಮ್ಯಾಲ ಎದ್ದು ಹೋಗಿ ಫ್ರಿಜ್ಜಿನೊಳಗ ಕೈ ಇಟ್ಟು ನೋಡ್ತೀರಿ. ಆಫೀಸಿನಾಗ ಏನಾಗೇದ, ಹೇಳ್ರಿ ಒಮ್ಮೆ."

ಹಾಗಾಗಿ ಹೇಳಿದೆ.

ನಮ್ಮದು ಪುಣೆಯ ಹಡಪಸರದಲ್ಲಿರುವ ಸಣ್ಣ ಕಂಪನಿ. ಶೀತಲ ಕೋಣೆಗಳನ್ನು ತಣ್ಣಗಿಡುವ ನಿಯಂತ್ರಣ ಪೆಟ್ಟಿಗೆ ಮಾಡುತ್ತೇವೆ. ಪೆಟ್ಟಿಗೆಯೊಳಗೆ ಒಂದು ಪುಟ್ಟ ಕಂಪ್ಯೂಟರ್, ಮುಂದೆ ಒಂದು ಹಸಿರು ದೀಪ, ಕೋಣೆಯ ಉಷ್ಣತೆ ತೋರಿಸುವ ನೀಲಿ ಅಂಕಿ. ಕರ್ನಲ್ ಎಂಬ ಮೂಲ ತಂತ್ರಾಂಶ, ಯಂತ್ರದ ಒಂದೊಂದು ಭಾಗವನ್ನು ನಡೆಸಲು ಅದಕ್ಕೆ ಜೋಡಿಸಿದ ಡ್ರೈವರುಗಳು, ಇವು ಹೇಗೆ ನಡೆಯುತ್ತವೆ ಎಂದು ಮುಂದೆ ಬರುವ ಎಂಜಿನಿಯರುಗಳಿಗಾಗಿ ಬರೆದಿಡುವುದು ನನ್ನ ಕೆಲಸ. ಈ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದದ್ದು ವಾಚ್‌ಡಾಗ್ ಟೈಮರ್.

"ಅದೇನದು?"

ಚಿಪ್ಪಿನ ಮೂಲೆಯಲ್ಲಿರುವ ಒಂದು ಸಣ್ಣ ಗಡಿಯಾರ. ಸದಾ ಸೊನ್ನೆಯ ಕಡೆಗೆ ಓಡುತ್ತಿರುತ್ತದೆ. ಸೊನ್ನೆ ಮುಟ್ಟುವ ಮೊದಲು ಪ್ರೋಗ್ರಾಮು ಬಂದು ಅದನ್ನು ಹಿಂದಕ್ಕೆ ತಿರುಗಿಸಬೇಕು. ಅಂದರೆ, ನಾನು ಬದುಕಿದ್ದೇನೆ ಎಂದು ಹಾಜರಿ ಹಾಕಬೇಕು. ಹಾಜರಿ ಬರದಿದ್ದರೆ ಪ್ರೋಗ್ರಾಮು ಸತ್ತಿದೆ ಎಂದು ತಿಳಿದು ಗಡಿಯಾರವು ಇಡೀ ಯಂತ್ರವನ್ನು ಕೆಡವಿ ಮತ್ತೆ ಎಬ್ಬಿಸುತ್ತದೆ. ಯಾರನ್ನೂ ಕೇಳುವುದಿಲ್ಲ.

"ಒಳ್ಳೇದಽ ಆತಲ್ಲ," ಅಂದಳು. "ಇದರಾಗ ಹೆದರೋದೇನದ?"

೧. ಯಾರ ಹಾಜರಿ?

ನೋಡದ್ದನ್ನು ಬರೆಯಬಾರದು ಎಂಬುದು ನನ್ನ ಪದ್ಧತಿ. ಆದ್ದರಿಂದ ಈ ಟೈಮರಿನ ಡ್ರೈವರ್ ಬರೆದ ಹುಡುಗಿಯ ಹತ್ತಿರ ಹೋಗಿ, ಯಂತ್ರ ಬಿದ್ದು ಏಳುವುದನ್ನು ಒಮ್ಮೆ ತೋರಿಸಮ್ಮ ಅಂದೆ. ಅವಳು ಹಾಸನದವಳು. ಕೆಲಸಕ್ಕೆ ಸೇರಿ ಆರು ತಿಂಗಳಾಗುತ್ತಾ ಬಂದಿತ್ತು. ಕೆಲಸ ಕಾಯಂ ಆಗುವುದಕ್ಕೆ ನಮ್ಮ ಸಾಹೇಬರ ಒಂದು ಸಹಿ ಬಾಕಿ ಇತ್ತು. ಊರಲ್ಲಿ ತಮ್ಮನ ಓದು ಅವಳ ಸಂಬಳದ ಮೇಲೆಯೇ ನಡೆದಿತ್ತು. ಅದನ್ನು ಅವಳು ಹೇಳಿಕೊಂಡಿರಲಿಲ್ಲ, ಫೋನಿನಲ್ಲಿ ತಮ್ಮನನ್ನು ಬೈಯುವಾಗ ಎಲ್ಲರಿಗೂ ಗೊತ್ತಾಗಿತ್ತು.

ಮೇಜಿನ ಮೇಲೊಂದು ಪೆಟ್ಟಿಗೆ ಇಟ್ಟಳು. ಕೋಣೆಯನ್ನು ತಣ್ಣಗಿಡುವ ಮುಖ್ಯ ಪ್ರೋಗ್ರಾಮನ್ನು ಪೂರ್ತಿ ಅಳಿಸಿಹಾಕಿದಳು.

"ಈಗ ಆನ್ ಮಾಡ್ತೀನಿ ಸರ್. ಒಳಗೆ ಕೆಲಸ ಮಾಡೋರು ಯಾರೂ ಇಲ್ಲ. ಹಾಜರಿ ಬರಲ್ಲ. ಅರ್ಧ ನಿಮಿಷದಲ್ಲಿ ರೀಸ್ಟಾರ್ಟ್ ಆಗ್ಬೇಕು."

ಕಾದೆವು. ಹಸಿರು ದೀಪ ಮಿನುಗಿತು. ನೀಲಿ ಅಂಕಿ ಮೂಡಿತು: ನಾಲ್ಕು. ಶೀತಲ ಕೋಣೆಯಲ್ಲಿ ಇರಬೇಕಾದ ಉಷ್ಣತೆ ಅದು. ಆದರೆ ಪೆಟ್ಟಿಗೆ ಇದ್ದದ್ದು ಮೇ ತಿಂಗಳ ಮಧ್ಯಾಹ್ನ, ಮೇಜಿನ ಮೇಲೆ. ಯಾವಾಗಲೋ ಕೊನೆಯ ಸಲ ಅಳೆದ ಅಂಕಿಯನ್ನು ಪರದೆ ನೆನಪಿಟ್ಟುಕೊಂಡು ತೋರಿಸುತ್ತಿತ್ತು.

ನಾವು ಚಹಾ ಕುಡಿದು ಬಂದರೂ ಯಂತ್ರ ಬೀಳಲಿಲ್ಲ.

ಅವಳು ಪರದೆಗೆ ಮುಖ ಹತ್ತಿರ ತಂದು ನೋಡಿದಳು. "ಸರ್, ಹಾಜರಿ ಬರ್ತಾ ಇದೆ."

"ಯಾರದು?"

"ಗೊತ್ತಾಗ್ತಿಲ್ಲ ಸರ್. ಒಳಗೆ ಯಾರೂ ಇಲ್ಲ. ನಾನೇ ಅಳಿಸಿದೀನಿ."

ಇಬ್ಬರೂ ನೋಡುತ್ತಾ ಕೂತೆವು. ದೀಪ ಉಸಿರಾಡಿದ ಹಾಗೆ ಹತ್ತಿ ಆರಿ ಹತ್ತುತ್ತಿತ್ತು. ಆ ಹೊತ್ತಿಗೆ ನಮ್ಮ ಸಾಹೇಬರು ಅತ್ತ ಬಂದರು. ಬಾಗಲಕೋಟೆ ಕಡೆಯವರು, ಸ್ವಭಾವದಲ್ಲಿ ಕೆಟ್ಟವರಲ್ಲ. ದೀಪ ನೋಡಿದರು, ಅಂಕಿ ನೋಡಿದರು, ಪೆಟ್ಟಿಗೆಯ ಬೆನ್ನು ತಟ್ಟಿದರು.

"ಮುಂಜಾನಿಂದ ಒಂದು ತಕರಾರಿಲ್ಲ. ನೋಡ್ರಿ, ಹಿಂಗ ನಡೀಬೇಕು ಪೆಟಗಿ."

೨. ಖಾಲಿ ಕುರ್ಚಿ

ಆಮೇಲಿನ ದಿನಗಳಲ್ಲಿ ಅವಳು ಹುಡುಕಿದ್ದೇ ಹುಡುಕಿದ್ದು. ಸಿಗಲಿಲ್ಲ. ಅಳಿಸಿದ ಪೆಟ್ಟಿಗೆಯನ್ನು ಆರಿಸಲೂ ಮನಸ್ಸಿಲ್ಲದೆ ಮೇಜಿನ ಮೇಲೆಯೇ ಬಿಟ್ಟಿದ್ದಳು. ಅದು ಬಂದವರಿಗೆಲ್ಲ ನಾಲ್ಕು ತೋರಿಸುತ್ತಿತ್ತು. ಕೊನೆಗೆ ಅವಳು ಅದಕ್ಕೆ ಬೆನ್ನು ಮಾಡಿ ಕೂರುವಂತೆ ಕುರ್ಚಿ ತಿರುಗಿಸಿಕೊಂಡಳು. "ಏನಾಯ್ತು?" ಅಂದರೆ, "ಏನಿಲ್ಲ ಸರ್, ಎಸಿ ಗಾಳಿ," ಅಂದಳು.

ಅದು ಪಾಲಖಿಯ, ಅಂದರೆ ಆಷಾಢದ ಕಾಲ್ನಡಿಗೆ ಯಾತ್ರೆಯ ಪಲ್ಲಕ್ಕಿ ಹೊರಡುವ ಸಮಯ. ನಮ್ಮ ಕಟ್ಟಡದ ಗೇಟು ಕಾಯುವವನು ಸಾಸವಡದವನು. ಕಾವಲುಗಾರ ಎಚ್ಚರ ಇದ್ದಾನೋ ಇಲ್ಲವೋ ನೋಡಲು ಅವನ ಏಜೆನ್ಸಿಯವರು ಕ್ಯಾಬಿನ್ನಿನ ಗೋಡೆಗೆ ಒಂದು ಯಂತ್ರ ಹಾಕಿದ್ದರು. ಅವನು ಆಗಾಗ ತನ್ನ ಕಾರ್ಡನ್ನು ಅದಕ್ಕೆ ತಾಗಿಸಬೇಕು. ತಾಗಿಸಿದರೆ ಪೀಂ ಅನ್ನುತ್ತದೆ. ತಾಗಿಸದಿದ್ದರೆ ಏಜೆನ್ಸಿಯವರು ಫೋನ್ ಮಾಡುತ್ತಾರೆ, ಸಂಬಳಕ್ಕೆ ಕತ್ತರಿ ಬೀಳುತ್ತದೆ.

ಮಧ್ಯಾಹ್ನ ಊಟ ಮುಗಿಸಿ ನಾನೂ ಹುಡುಗಿಯೂ ಗೇಟಿನಿಂದ ಒಳಗೆ ಬರುತ್ತಿದ್ದೆವು. ಕೊರಿಯರಿನವನೊಬ್ಬ ಕ್ಯಾಬಿನ್ನಿನ ಮುಂದೆ ನಿಂತು, "ಕಾಕಾ, ಓ ಕಾಕಾ," ಎಂದು ಕರೆಯುತ್ತಿದ್ದ. ಬಾಗಿಲು ಮುಚ್ಚಿತ್ತು. ಗಾಜಿನೊಳಗೆ ಕುರ್ಚಿಯ ಬೆನ್ನು ಕಾಣುತ್ತಿತ್ತು. ಬೆನ್ನಿನ ಮೇಲೆ ಖಾಕಿ ಅಂಗಿ, ಅಂಗಿಯ ಮೇಲೆ ಟೊಪ್ಪಿಗೆ. ಉತ್ತರ ಇಲ್ಲ. ಒಳಗಿಂದ ಪೀಂ ಎಂದಿತು.

"ಎಚ್ಚರ ಇದಾರೆ," ಅಂದಳು ಹುಡುಗಿ.

ಕೊರಿಯರಿನವನು ಗಾಜು ತಟ್ಟಿದ. ಅಂಗಿ ಅಲುಗಾಡಲಿಲ್ಲ. ಮತ್ತೆ ಪೀಂ.

ನಾನು ಪಕ್ಕಕ್ಕೆ ಹೋಗಿ ಕಿಟಕಿಯಿಂದ ನೋಡಿದೆ. ಅಂಗಿಯೊಳಗೆ ಯಾರೂ ಇರಲಿಲ್ಲ. ಮೂಲೆಯ ಟೇಬಲ್ ಫ್ಯಾನು ಅತ್ತಿಂದಿತ್ತ ಕತ್ತು ತಿರುಗಿಸುತ್ತಿತ್ತು. ಅದರ ಜಾಲರಿಗೆ ದಾರ, ದಾರದ ತುದಿಗೆ ಕಾರ್ಡು. ಫ್ಯಾನು ಎಡಕ್ಕೆ ಹೊರಳಿದಾಗಲೆಲ್ಲ ಕಾರ್ಡು ಗೋಡೆಯ ಯಂತ್ರವನ್ನು ಸವರಿಕೊಂಡು ಹೋಗುತ್ತಿತ್ತು. ಆ ಖಾಲಿ ಕೋಣೆಯಲ್ಲಿ, ಆ ಖಾಲಿ ಅಂಗಿಯ ಎದುರು, ಫ್ಯಾನು ಪ್ರತಿ ಸಲ ನನ್ನ ಕಡೆ ಹೊರಳಿ ಒಂದು ಗಳಿಗೆ ನಿಂತು ಹೋಗುವುದು ನನಗೆ ಅಷ್ಟು ಚೆನ್ನಾಗಿ ಕಾಣಲಿಲ್ಲ.

ಪಾಲಖಿ ಸಾಸವಡದಲ್ಲಿ ತಂಗಿದ ದಿನಗಳಲ್ಲಿ ಕಾವಲುಗಾರ ಮನೆಯಲ್ಲಿದ್ದ, ಬಂದ ವಾರಕರಿ ಯಾತ್ರಿಕರಿಗೆ ಊಟ ಬಡಿಸುತ್ತಿದ್ದ. ಆ ದಿನಗಳಲ್ಲಿ ಅವನ ಹಾಜರಿ ಎಂದಿಗಿಂತ ಚೆನ್ನಾಗಿತ್ತಂತೆ. ಏಜೆನ್ಸಿಯವರು ಶಾಭಾಸ್ ಎಂದು ಮೆಸೇಜು ಕಳಿಸಿದ್ದರು.

ಅವನು ತಿರುಗಿ ಬಂದ ಮೇಲೆ ನಾನು ಮರಾಠಿಯಲ್ಲಿ, "ಹೀಗೆ ಮಾಡಬಹುದೇನಪ್ಪಾ?" ಅಂದೆ. ಅವನು ಪ್ರಸಾದದ ಪುಡಿಕೆ ನನ್ನ ಕೈಗಿಟ್ಟು ಶಾಂತವಾಗಿ ಹೇಳಿದ:

"ಸಾಹೇಬ, ಮೀ ಝೋಪತೋ. ಪಂಖಾ ಝೋಪತ್ ನಾಹೀ."

ನಾನಾದರೂ ನಿದ್ದೆ ಹೋಗುತ್ತೇನೆ, ಪಂಖಾ ಹೋಗುವುದಿಲ್ಲವಲ್ಲ ಎಂಬುದು ಅವನ ವಾದ.

೩. ಸಾವು ಎಂಬ ಶಬ್ದ

ಫ್ಯಾನು ನೋಡಿದ ದಿನ ಮೆಟ್ಟಿಲು ಹತ್ತುವಾಗ ಹುಡುಗಿ ಅರ್ಧದಲ್ಲೇ ನಿಂತುಬಿಟ್ಟಳು.

"ಸರ್, ಕರ್ನಲ್."

"ಏನು?"

"ಹಾಜರಿ ಹಾಕ್ತಿರೋದು ಕರ್ನಲ್. ಯಂತ್ರ ಏಳುವಾಗ ಪ್ರೋಗ್ರಾಮ್ ಬರೋದು ಸ್ವಲ್ಪ ಲೇಟಾಗುತ್ತಲ್ಲ, ಅಷ್ಟರಲ್ಲಿ ವಾಚ್‌ಡಾಗ್ ಕೆಡವಬಾರದು ಅಂತ ಕರ್ನಲ್ಲೇ ಅದರ ಪರವಾಗಿ ಹಾಜರಿ ಹಾಕ್ತಿರುತ್ತೆ. ಪ್ರೋಗ್ರಾಮ್ ಬಂದ್ಮೇಲೆ ಬಿಡುತ್ತೆ."

"ಬರದೇ ಇದ್ದರೆ?"

"ಎಷ್ಟು ಹೊತ್ತು ಕಾಯ್ಬೇಕು ಅಂತ ಒಂದು ಮಿತಿ ಹಾಕ್ಬಹುದು ಸರ್. ಹಾಕಿಲ್ಲ ಅಂದ್ರೆ..." ಅವಳು ಮೆಟ್ಟಿಲ ಕಟಕಟೆ ಹಿಡಿದುಕೊಂಡಳು. "ಕಾಯ್ತಾನೇ ಇರುತ್ತೆ. ಬರದೇ ಇರೋರ ಹೆಸರಲ್ಲಿ ಹಾಜರಿ ಹಾಕ್ತಾನೇ ಇರುತ್ತೆ."

ಮಿತಿಯನ್ನು ಅವಳು ಅವತ್ತೇ ಹಾಕಿದಳು. ಅಳಿಸಿದ ಪೆಟ್ಟಿಗೆ ಸರಿಯಾಗಿ ಬಿತ್ತು, ಪರದೆ ಕಪ್ಪಾಯಿತು, ಮತ್ತೆ ಎದ್ದಿತು. ವಾಚ್‌ಡಾಗ್ ಕೆಡವಿದ ಯಂತ್ರ ಎದ್ದಾಗ, ಹಿಂದಿನ ಸಲ ಯಾಕೆ ಸತ್ತೆ ಎಂದು ಡ್ರೈವರು ಅದನ್ನು ಕೇಳಿ ಬರೆದಿಡುತ್ತದೆ. ಅದನ್ನೂ ನೋಡಿದೆವು. ಎಲ್ಲ ಸರಿಯಿತ್ತು. ನಾನು ಎರಡು ಪುಟ ಬರೆದೆ. ಮಿತಿ ಹಾಕದಿದ್ದರೆ ಸತ್ತ ಯಂತ್ರ ಬದುಕಿದಂತೆಯೇ ಕಾಣುತ್ತದೆ, ದೀಪವನ್ನೂ ಅಂಕಿಯನ್ನೂ ನಂಬಬೇಡಿ ಎಂದು ಮೊದಲ ಸಾಲಿನಲ್ಲೇ ಇಟ್ಟೆ.

ಸಾಹೇಬರು ಪ್ರಿಂಟು ಹಿಡಿದು ನನ್ನ ಮುಂದೆ ಕೂತರು. ಪಕ್ಕದಲ್ಲಿ ಹುಡುಗಿ ನಿಂತಿದ್ದಳು.

"ಇದೇನ್ರಿ, ಹಿಂದಿನ ಸಾವಿನ ಕಾರಣ? ಗಿರಾಕಿ ಓದಿದ್ರ ಹೆದರೂದಿಲ್ಲೇನು? ಸಾವು ಬ್ಯಾಡ. ವಿಶ್ರಾಂತಿ ಅಂತ ಮಾಡ್ರಿ."

"ವಿಶ್ರಾಂತಿಯ ಕಾರಣ, ಪ್ರೋಗ್ರಾಮು ಸತ್ತಿರುವುದು," ಎಂದು ನಾನು ಓದಿ ತೋರಿಸಿದೆ.

"ಅದೂ ಬ್ಯಾಡ."

ಹಾಗೆ ಒಂದೊಂದೇ ಸಾಲು ಹೋಯಿತು. ಆಮೇಲೆ ಅವರು ಹುಡುಗಿಯ ಕಡೆ ತಿರುಗಿದರು. "ಈ ಮಿತಿ ತಗೀರಿ. ಪರದೆ ಕರ್ರಗ ಆಗೋದು ನನಗ ಬೇಕಾಗಿಲ್ಲ. ಬಿಬವೇವಾಡಿ ಸಾವುಕಾರರ ಹತ್ರ ಹೋಳಿಯಿಂದ ನಮ್ಮ ಎರಡು ಪೆಟಗಿ ಅದಾವ. ಮಿತಿ ಇಲ್ಲದಽ ನಡದಾವ. ಒಂದು ತಕರಾರು ಬಂದದೇನು?"

"ಸರ್, ತಕರಾರು ಬರೋದೇ ಇಲ್ಲ. ಅದೇ ಭಯ. ಅಲ್ಲಿಗೂ ಹೋಗಿ ಒಂದ್ಸಲ ಚೆಕ್ ಮಾಡಿ ಬರ್ತೀನಿ."

"ಚಲೋ ನಡದದ್ದನ್ನ ಯಾಕ ಮುಟ್ತೀರವಾ? ನಿಮ್ಮ ಕಾಯಂ ಕಾಗದ ನನ್ನ ಟೇಬಲ್ ಮ್ಯಾಲ ಅದ. ಈ ತಿಂಗಳು ಸುಮ್ಮ ಇದ್ರ ಸಹಿ ಆಗ್ತದ. ಅದನ್ನಽ ವಿಚಾರ ಮಾಡ್ರಿ."

ಅವಳು ಮಿತಿ ತೆಗೆದಳು. ತೆಗೆಯುವಾಗ ಕಣ್ಣು ಒರೆಸಿಕೊಂಡಳು, ನಾನು ಬೇರೆ ಕಡೆ ನೋಡಿದೆ. ಎರಡು ಪುಟದಲ್ಲಿ ಸಾಹೇಬರು ಉಳಿಸಿದ್ದು ಒಂದೇ ವಾಕ್ಯ. ಅದರ ಅಕ್ಷರವನ್ನೂ ದಪ್ಪ ಮಾಡಿಸಿದರು: "ಈ ಯಂತ್ರ ಎಂದಿಗೂ ತೊಂದರೆ ಕೊಡುವುದಿಲ್ಲ."

ಹೆಂಡತಿ ಸೂಜಿ ನಿಲ್ಲಿಸಿದ್ದಳು. "ಆ ಹುಡುಗಿ ಕೆಲಸ ಹೋತೇನು?"

"ಕೇಳು," ಅಂದೆ.

೪. ಬಿಬವೇವಾಡಿಯ ಬೆರಳುಗಳು

ಹೋದ ವಾರ ಸಾವುಕಾರರ ಫೋನು ಬಂತು. ಅವರು ಜಮಖಂಡಿ ಕಡೆಯವರು, ಪುಣೆಗೆ ಬಂದು ಎರಡು ತಲೆಮಾರಾಯಿತು, ಬೀಜದ ಬಟಾಟೆಯ ವ್ಯಾಪಾರ. ದೀಪಾವಳಿಯ ನಂತರದ ಬಿತ್ತನೆಗೆಂದು ಎರಡು ಶೀತಲ ಕೋಣೆಗಳ ತುಂಬ ಬೀಜ ಇಟ್ಟಿದ್ದರು. ಸಾಹೇಬರು ಹೆಮ್ಮೆಯಿಂದ ಸ್ಪೀಕರ್ ಹಾಕಿದರು.

"ಸಾಹೇಬರಽ, ನಿಮ್ಮ ಪೆಟಗಿ ಭಾಳ ಛಲೋ. ಸದ್ದಿಲ್ಲ ಗದ್ದಲಿಲ್ಲ. ಮೊದಲನೇ ಕೋಣಿ ಲೈಟ್ ಬಿಲ್ಲು ಅರ್ಧಕ್ಕರ್ಧ ಇಳದದ. ಮಾರ್ಕೆಟ್ಟಿನಾಗ ನಾಲ್ಕು ಮಂದಿಗೆ ಹೇಳೀನಿ, ತಗೊಂಡ್ರ ಇದನ್ನಽ ತಗೋರಿ ಅಂತ."

ಸಾಹೇಬರು ನಮ್ಮೆಲ್ಲರನ್ನೂ ನೋಡಿ ನಕ್ಕರು. ಹುಡುಗಿ ನಗಲಿಲ್ಲ.

"ಒಂದಽ ಸಂಶಯ ಅದ," ಎಂದರು ಸಾವುಕಾರರು. "ಬಾಗಲ ಕೆಳಗಿನ ಸಂದ್ಯಾಗಿಂದ ಏನೋ ಬಿಳೀದು ಹೊರಗ ಬರ್ಲಿಕತ್ತದ."

"ಎಂಥದ್ರಿ?"

"ಬೆರಳಿನಂಗ. ಮೊನ್ನಿ ಒಂದಽ ಇತ್ತು. ಇವತ್ತ ಒಂದು ಕೈ ಆಗೇದ. ಮನಿಯಾಕಿ ಹೆದರಿ ಅರಿಷಿಣ ಕುಂಕುಮ ಹಚ್ಯಾಳ."

ನಾವು ಮೂವರೂ ಸಾಹೇಬರ ಕಾರಿನಲ್ಲಿ ಹೋದೆವು.

ಕೋಣೆಯ ಕಬ್ಬಿಣದ ಬಾಗಿಲಿಗೆ ಚೆಂಡು ಹೂವಿನ ಮಾಲೆ. ಬಾಗಿಲಲ್ಲೊಂದು ಅಂಗೈಯಗಲ ಗಾಜು. ಸಾವುಕಾರರು ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚಿ, ಆ ಗಾಜಿನಿಂದ ಒಳಗಿನ ನೀಲಿ ಅಂಕಿಯ ದರ್ಶನ ಮಾಡಿ, ಆಮೇಲೆ ಗಾದಿಯ ಮೇಲೆ ಕೂರುವವರು. ನಾನೂ ನೋಡಿದೆ. ಕತ್ತಲಲ್ಲಿ ನಾಲ್ಕು. ಕಾಲ ಬಳಿ, ಬಾಗಿಲಿನ ಕೆಳಗಿನಿಂದ ಐದು ಬಿಳಿ ಬೆರಳುಗಳು ಹೊರಗೆ ಚಾಚಿದ್ದವು. ಒಂದೊಂದಕ್ಕೂ ಕುಂಕುಮ.

ಬಾಗಿಲಿಗೆ ಕೈ ಇಟ್ಟೆ. ಬೆಚ್ಚಗಿತ್ತು.

"ಇಷ್ಟು ದಿನ ತಗದಿಲ್ಲೇನ್ರಿ?" ಎಂದು ಸಾಹೇಬರು ಕೇಳಿದರು.

"ನಾಲ್ಕು ತೋರಸ್ತಿತ್ತು. ಯಾಕ ತಗೀಲಿ? ತಗದ್ರ ಥಂಡಿ ಹೋಗ್ತದಲ್ಲ."

ಸಾವುಕಾರರೇ ಬಾಗಿಲು ಎಳೆದರು. ಅದು ಸುಲಭಕ್ಕೆ ಬರಲಿಲ್ಲ, ಒಳಗಿಂದ ಯಾರೋ ಹಿಡಿದುಕೊಂಡಂತೆ ಜಗ್ಗಿತು. ಆಮೇಲೆ ನೂಲು ಹರಿದಂಥ ಸಣ್ಣ ಸಣ್ಣ ಸದ್ದುಗಳೊಂದಿಗೆ ತೆರೆಯಿತು. ಹಸಿ ಮಣ್ಣಿನ ವಾಸನೆಯ ಬಿಸಿ ಗಾಳಿ ಮುಖಕ್ಕೆ ಬಂತು.

ಒಂದು ಚೀಲವೂ ಕಾಣಲಿಲ್ಲ. ಕೋಣೆಯ ತುಂಬ ಬಿಳಿ ಮೊಳಕೆಗಳು. ಎಲೆಯಿಲ್ಲ, ಬಣ್ಣವಿಲ್ಲ, ಮೊಳದುದ್ದಕ್ಕೆ ಬೆಳೆದು ಒಂದರ ಮೇಲೊಂದು ಹತ್ತಿದ್ದವು. ಕೆಳಗಿನ ಸಾಲಿನವು ಬಾಗಿಲ ಸಂದಿಯ ಬೆಳಕಿಗೆ ನುಗ್ಗಿದ್ದವು. ಉಳಿದವೆಲ್ಲ ಎದುರಿನ ಗೋಡೆಯ ಕಡೆ ಬಾಗಿದ್ದವು. ಅಲ್ಲಿ ನಮ್ಮ ಪೆಟ್ಟಿಗೆ ಇತ್ತು. ಆ ಕೋಣೆಯಲ್ಲಿ ಅವಕ್ಕೆ ಇದ್ದ ಬೆಳಕೆಂದರೆ ಆ ನೀಲಿ ನಾಲ್ಕು ಒಂದೇ. ಸಾವಿರಾರು ಕೈಗಳು ಅದರ ಕಡೆ ಚಾಚಿಕೊಂಡು ನಿಂತಿದ್ದವು.

ಸಾವುಕಾರರು ಮೆಲ್ಲಗೆ ಅಂದರು: "ಹೊರಗ ನಾ ಒಬ್ಬನಽ ಪೂಜಾ ಮಾಡ್ತೀನಿ ಅನ್ಕೊಂಡಿದ್ದೆ."

ಹುಡುಗಿ ಲ್ಯಾಪ್‌ಟಾಪು ಜೋಡಿಸಿ ನೋಡಿದಳು. ಎಂದೋ ಒಮ್ಮೆ ಕರೆಂಟು ಹೋಗಿ ಬಂದಾಗ ಯಂತ್ರ ಎದ್ದಿದೆ, ಪ್ರೋಗ್ರಾಮು ಎದ್ದಿಲ್ಲ. ಅವತ್ತಿನಿಂದ ಕರ್ನಲ್ಲು ಅದರ ಪರವಾಗಿ ಹಾಜರಿ ಹಾಕುತ್ತಾ ಕೂತಿದೆ.

"ಇದನ್ನ ಮಾಡಿದವರು ಯಾರು?" ಸಾವುಕಾರರು ಕೇಳಿದರು.

ಸಾಹೇಬರು ನೆಲ ನೋಡುತ್ತಾ ಹುಡುಗಿಯ ಕಡೆ ಕೈ ಮಾಡಿದರು. "ಹೊಸಬರು. ಇನ್ನೂ ಕಾಯಂ ಆಗಿಲ್ಲ. ಏನು ಮಾಡಬೇಕು ನಾವು ಮಾಡ್ತೀವಿ."

ಏನು ಮಾಡುತ್ತಾರೆ ಎಂಬುದು ಅವಳಿಗೆ ಅರ್ಥವಾಯಿತು. ಲ್ಯಾಪ್‌ಟಾಪು ಮುಚ್ಚಿ ಎದೆಗೆ ಹಿಡಿದುಕೊಂಡಳು.

ಸಾವುಕಾರರು ವ್ಯಾಪಾರಿ. ಅವಳ ಮುಖ ನೋಡಿದರು, ಸಾಹೇಬರ ಮುಖ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. "ನೀವು ಬರಿಯೋರಲ್ಲ? ಖರೇ ಹೇಳ್ರಿ. ಇದಕ್ಕ ಔಷಧ ಇರಲಿಲ್ಲೇನು?"

"ಇತ್ತು," ಅಂದೆ. "ಈಕೆಯೇ ಹಾಕಿದ್ದಳು. ತೆಗೆಸಿದೆವು."

"ಯಾಕ?"

"ಪರದೆ ಕಪ್ಪಾಗುತ್ತಿತ್ತು."

ಸಾವುಕಾರರು ಇನ್ನೊಂದು ಬಾಗಿಲ ಕಡೆ ನಡೆದರು. ಎರಡನೇ ಕೋಣೆ. ಗಾಜಿನೊಳಗೆ ಅದೇ ನೀಲಿ, ಅದೇ ನಾಲ್ಕು. ನಾವೆಲ್ಲ ಅದರ ಮುಂದೆ ನಿಂತೆವು, ತೆಗೆಯಲು ಯಾರ ಕೈಯೂ ಮುಂದೆ ಹೋಗಲಿಲ್ಲ. ಕೊನೆಗೆ ಹುಡುಗಿಯೇ ತೆಗೆದಳು. ತಣ್ಣನೆಯ ಹೊಗೆ ಹೊರಳಿ ಬಂತು. ಚೀಲಗಳು ಚೀಲಗಳಾಗಿಯೇ ಇದ್ದವು. ಸಾಹೇಬರು ಒಳಗೆ ಹೋಗಿ ಒಂದು ಬಟಾಟೆಯನ್ನು ಕೆನ್ನೆಗೆ ಒತ್ತಿಕೊಂಡು ನಿಂತರು.

"ಅದೂ ನಾಲ್ಕು, ಇದೂ ನಾಲ್ಕು," ಅಂದರು ಸಾವುಕಾರರು. "ಯಾವ ನಾಲ್ಕು ನಂಬಲಿ ನಾ?"

ಗಾದಿಗೆ ಬಂದು ಕೂತ ಮೇಲೆ ಅವರು ಚಹಾ ತರಿಸಿದರು. ಸಿಟ್ಟು ಮಾಡಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಬಟಾಟಿಗೆ ವಿಮಾ ಅದ. ನಾಲ್ಕು ಮಂದಿಗೆ ಹೇಳೀನಲ್ಲ, ಅದಕ್ಕ ವಿಮಾ ಇಲ್ಲ. ಮೊದಲನೇ ಮಾತು: ಆ ಔಷಧ ಎರಡೂ ಪೆಟಗಿಗೆ ಇವತ್ತಽ ಹಾಕಬೇಕು. ಹಾಕೋದು ಈ ಹುಡುಗಿ. ಮುಂದ ನೋಡಿಕೊಳ್ಳೋದೂ ಈ ಹುಡುಗಿ. ಇಕಿ ಇಲ್ಲಂದ್ರ ನಿಮ್ಮ ಪೆಟಗೀನೂ ನನಗ ಬ್ಯಾಡ, ಆ ನಾಲ್ಕು ಮಂದಿಗೂ ಬ್ಯಾಡ."

ಸಾಹೇಬರು ಮರುದಿನವೇ ಸಹಿ ಮಾಡಿದರು. ಕಾಗದ ಕೈಗೆ ಬಂದಾಗ ಹುಡುಗಿ ಮೊದಲು ಮಾಡಿದ್ದು ತಮ್ಮನಿಗೆ ಫೋನು. ಎಂದಿನಂತೆಯೇ ಬೈದಳು, ಆದರೆ ನಡುನಡುವೆ ನಗುತ್ತಿದ್ದಳು. ನನ್ನ ಎರಡು ಪುಟಗಳೂ ಇದ್ದ ಹಾಗೆಯೇ ವಾಪಸು ಬಂದವು. ಸಾವು ಎಂಬ ಶಬ್ದ ಈಗ ಇರಲಿ ಎಂದು ಸಾಹೇಬರು ಅಂಚಿನಲ್ಲಿ ಬರೆದಿದ್ದರು.

ಹೆಂಡತಿ ಉಸಿರು ಬಿಟ್ಟು ಸೂಜಿ ಮತ್ತೆ ಹಿಡಿದಳು. ನಾಲ್ಕು ಹೊಲಿಗೆ ಹಾಕಿ ನಿಲ್ಲಿಸಿದಳು.

"ಅದು ಮೊದಲನೇ ಮಾತು ಅಂದ್ರಿ. ಎರಡನೇದು ಏನು? ಕಡೀಕ ಸಾವುಕಾರರಿಗೆ ಏನು ಕೊಟ್ರಿ?"

"ಸಾಹೇಬರನ್ನ."

"ಹಂಗಂದ್ರ?"

"ದೀಪಾವಳಿ ತನಕ ದಿನಾ ಬೆಳಿಗ್ಗೆ ಎಂಟರೊಳಗ ಬಿಬವೇವಾಡಿಗೆ ಹೋಗಬೇಕು. ಎರಡನೇ ಕೋಣಿ ಒಳಗ ಹೊಕ್ಕು, ಥಂಡಿ ಅದ ಅಂತ ಸಾವುಕಾರರಿಗೆ ತಮ್ಮ ಬಾಯಿಲೇ ಹೇಳಿ, ಆಮ್ಯಾಲ ಆಫೀಸಿಗೆ ಬರಬೇಕು. ಫೋನಿನಾಗ ಹೇಳಿದ್ರ ನಡಿಯೂದಿಲ್ಲ. ಬ್ಯಾರೆಯವರನ್ನ ಕಳಿಸಿದ್ರೂ ನಡಿಯೂದಿಲ್ಲ."

"ಎಂಟಕ್ಕ ಹೋಗಲಿಲ್ಲ ಅಂದ್ರ?"

"ಸಾವುಕಾರರು ಬಾಗಲಕೋಟಿಗೆ, ಸಾಹೇಬರ ಅವ್ವಗ ಫೋನ್ ಹಚ್ಚತಾರ. ನಿಮ್ಮ ಮಗ ಎದ್ದಿಲ್ಲ, ಸ್ವಲ್ಪ ಎಬ್ಬಸ್ರಿ ಅಂತ."